ಬಾಗಿಲು ತಟ್ಟುವ ಹುದ್ದೆ ಇಲ್ಲವಂತೆ

ಬೆಳಗಿನ ಐದೂವರೆ. ಮೂರನೇ ಮಹಡಿಯ ಮನೆಯೊಂದರ ಬಾಗಿಲನ್ನು ಆಕೆ ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ‘ಎದ್ದೆ ಅಕ್ಕಾ’ ಎಂದು ಒಳಗಿನಿಂದ ಹುಡುಗಿಯ ದನಿ ಬರುತ್ತದೆ. ಆಕೆ ಕದಲುವುದಿಲ್ಲ. ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿದ ಮೇಲೆಯೇ ಮೆಟ್ಟಿಲಿಳಿಯುತ್ತಾರೆ. “ಎದ್ದೆ ಅಂದಿದ್ದನ್ನ ನಂಬಿದ್ರೆ ಮುಗೀತು ಕತೆ. ಬಾಯಿ ಎದ್ದಿರುತ್ತೆ, ಮೈ ಎದ್ದಿರಲ್ಲ” ಎನ್ನುತ್ತ ಮುಂದಿನ ಬಾಗಿಲಿಗೆ ಹೆಜ್ಜೆ ಹಾಕುತ್ತಾರೆ.

ಶಾಲೆಯನ್ನು ಅರ್ಧಕ್ಕೇ ಬಿಟ್ಟ ಮಕ್ಕಳಿಗೆಂದು ಸರ್ಕಾರದ ಅನುದಾನದಲ್ಲಿ ನಡೆಯುವ ಪರ್ಯಾಯ ಕಲಿಕಾ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಆಕೆಯ ಕೆಲಸ ಇದೇ. ದಿನಕ್ಕೆ ಇಪ್ಪತ್ತಾರು ಬಾಗಿಲು. ಬೀದಿಗೆಲ್ಲ ಆಕೆ ‘ಎಬ್ಬಿಸೋ ಅಕ್ಕ’. ಇಲಾಖೆಯ ಕಾಗದದಲ್ಲಿ ಮಾತ್ರ ‘ಇತರೆ ವೆಚ್ಚ’.

ಈ ಮಕ್ಕಳು ಸೋಮಾರಿಗಳು ಎನ್ನುವವರು ಒಮ್ಮೆ ಅವರ ಅಂಗೈ ನೋಡಬೇಕು. ಹೋಟೆಲಿನಲ್ಲಿ ಪಾತ್ರೆ ತೊಳೆದು, ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಸರಿರಾತ್ರಿಗೆ ಮನೆ ಸೇರುವವರು. ತಾಯಂದಿರು ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಟಿರುತ್ತಾರೆ. ಎಬ್ಬಿಸಲು ಮನೆಯಲ್ಲಿ ಯಾರಿದ್ದಾರೆ? “ಎರಡು ದಿನ ತಪ್ಪಿಸಿದ್ರೆ ಮೂರನೇ ದಿನ ಬರೋಕೆ ನಾಚಿಕೆ. ನಾಲ್ಕನೇ ದಿನ ಓದೇ ಬೇಡ ಅನ್ಸುತ್ತೆ. ನಾನು ಆರನೇ ಕ್ಲಾಸು ಬಿಟ್ಟಿದ್ದೂ ಹಂಗೇ. ತಮ್ಮನಿಗೆ ಜ್ವರ ಅಂತ ಮನೇಲಿ ಉಳಿದೆ, ಉಳಿದೇಬಿಟ್ಟೆ.”

ಗಂಡ ರಾತ್ರಿ ಪಾಳಿಯ ಕಾವಲುಗಾರ. ಅವರು ಮನೆಗೆ ಬರುವ ಹೊತ್ತಿಗೆ ಈಕೆ ಹೊರಡುತ್ತಾರೆ. “ಬೀಗದ ಕೈ ಕೊಡೋದು, ತಗೊಳ್ಳೋದು. ಅದೇ ನಮ್ಮ ಸಂಸಾರ. ಜಗಳಕ್ಕೂ ಪುರುಸೊತ್ತಿಲ್ಲ ನೋಡಿ” ಎಂದು ನಗುತ್ತಾರೆ.

ನಗು ಬಾರದ ಕತೆ ಮುಂದಿದೆ. ಕಳೆದ ತಿಂಗಳು ಇಲಾಖೆಯ ಅಧಿಕಾರಿಯೊಬ್ಬರು ಚೆನ್ನಾಗಿ ಬಿಸಿಲೇರಿದ ಮೇಲೆ ಕೇಂದ್ರಕ್ಕೆ ಬಂದರು. ಬೆಂಚುಗಳ ತುಂಬ ಮಕ್ಕಳು. “ಎಲ್ಲಾ ತಾವಾಗೇ ಬರ್ತಿದಾರಲ್ರೀ, ಎಬ್ಬಿಸೋಕೆ ಬೇರೆ ಒಬ್ಬರು ಯಾಕೆ?” ಎಂದರು. ವಾರದೊಳಗೆ ಆದೇಶ ಬಂತು: ಇಂಥ ಹುದ್ದೆಯೇ ಇಲ್ಲ, ಅನುದಾನವೂ ಇಲ್ಲ. ಅದೇ ಇಲಾಖೆ ಆ ತಿಂಗಳೇ ಕೇಂದ್ರಕ್ಕೆ ಹೊಸ ನಾಮಫಲಕ ಹಾಕಿಸಿದೆ, ದೀಪದ ಅಲಂಕಾರ ಸಮೇತ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ಕೇಂದ್ರ ನಡೆಸುವ ಮೇಡಂ ಅಂಗಲಾಚಿದ ಮೇಲೆ ಅಧಿಕಾರಿ ಇನ್ನೊಮ್ಮೆ ಬಂದು ನೋಡಲು ಒಪ್ಪಿದರು. ಹಿಂದಿನ ಸಂಜೆ ಮೇಡಂ ಆಕೆಯನ್ನು ಕರೆದು ಹೇಳಿದರು: “ನಾಳೆ ಒಂದಿನ ಮನೇಲೇ ಇದ್ಬಿಡಿ. ಖಾಲಿ ಬೆಂಚು ಅವರ ಕಣ್ಣಿಗೆ ಬೀಳ್ಲಿ.” ಉಪಾಯ ಖಂಡಿತ ಫಲಿಸುತ್ತಿತ್ತು.

ಆಕೆ ಮರುದಿನವೂ ಐದೂವರೆಗೆ ಮೂರನೇ ಮಹಡಿ ಹತ್ತಿದರು.

“ಅವತ್ತು ದೊಡ್ಡ ಪರೀಕ್ಷೆಯೇನೂ ಇರ್ಲಿಲ್ಲ, ಬರೀ ಲೆಕ್ಕದ ಪಾಠ. ಆದ್ರೆ ಒಂದಿನ ನಾನು ಹೋಗ್ದಿದ್ರೆ ಮೂರ್ನಾಲ್ಕು ಮಕ್ಕಳು ಮತ್ತೆ ಈ ಕಡೆ ತಲೆ ಹಾಕಲ್ಲ. ಯಾರ್ಯಾರು ಅಂತಾನೂ ನಂಗೊತ್ತು. ನನ್ನ ಕೆಲಸ ಉಳೀಲಿ ಅಂತ ಅವರನ್ನ ಕಳ್ಕೊಳ್ಲಾ?”

ಅಧಿಕಾರಿ ಬಂದರು. ತುಂಬಿದ ಬೆಂಚು ನೋಡಿದರು. ಈ ತಿಂಗಳ ಕೊನೆಗೆ ಜಾರಿಯಾಗುವಂತೆ ಆದೇಶವನ್ನು ಖಾಯಂ ಮಾಡಿ ಹೋದರು. ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಕ್ಕೇ ಒಬ್ಬರ ಕೆಲಸ ಹೋಗುವ ಇಂಥ ಅನ್ಯಾಯಕ್ಕೆ ಕಡತದಲ್ಲಿ ‘ಮಿತವ್ಯಯ’ ಎಂದು ಹೆಸರಿಟ್ಟಿದ್ದಾರೆ. ನಾಚಿಕೆಯಾಗಬೇಕು.

ಬರುವ ತಿಂಗಳಿಂದ ಆಕೆ ಲಾಂಡ್ರಿಯೊಂದರಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ. ಅದೂ ಬೆಳಗಿನ ಐದಕ್ಕೇ ಶುರು. ಮಕ್ಕಳನ್ನು ಎಬ್ಬಿಸಲು ಬೇರೆ ಯಾರೂ ಸಿಕ್ಕಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದೆ.

“ಆ ಸಾಹೇಬ್ರ ಮನೆ ಎಲ್ಲಿ ಅಂತ ತಿಳ್ಕೊಂಡು ಹೇಳ್ತೀರಾ? ಜಗಳಕ್ಕಲ್ಲ. ಈ ತಿಂಗಳು ಮುಗಿಯೋದ್ರೊಳಗೆ ಒಂದು ಬೆಳಗ್ಗೆ ಅವರ ಬಾಗಿಲೂ ತಟ್ಟಿ, ನನ್ನ ಜೊತೆ ಒಂದು ಸುತ್ತು ಕರ್ಕೊಂಡು ಬರ್ಬೇಕು.”