ಟವೆಲ್ಲಿನ ಕೆಳಗೆ ಕುದುರಿದ ಡಾಕ್ಟರೇಟು

1962ರ ಅಕ್ಟೋಬರ್ 7, ಭಾನುವಾರ, ಬೆಳಿಗ್ಗೆ ಏಳೂಕಾಲು. ದಾವಣಗೆರೆಯಲ್ಲಿ ಹರಿಹರದ ಬಸ್ಸು ಹತ್ತಿದಾಗ ನನ್ನ ದಿನಚರಿಯ ಲೆಕ್ಕ ಹೀಗಿತ್ತು: ಸಂಶೋಧನಾ ವೇತನಕ್ಕೆ ಹಾಕಿದ ಅರ್ಜಿ ಹದಿನಾಲ್ಕು. ಸಸ್ಯಶಾಸ್ತ್ರಕ್ಕೆ ಆರು, ಭೂಗರ್ಭಶಾಸ್ತ್ರಕ್ಕೆ ಮೂರು, ಅರ್ಥಶಾಸ್ತ್ರಕ್ಕೆ ಎರಡು, ಶಾಸನಗಳಿಗೆ ಎರಡು, ಬಸವನಹುಳುವಿಗೆ ಒಂದು. ಉತ್ತರ ಬಂದದ್ದು ಕೊನೆಯದಕ್ಕೆ ಮಾತ್ರ.

ನಾನು ಓದಿದ್ದು ಸಸ್ಯಶಾಸ್ತ್ರ. ಆದರೆ ಆರಿಸಿಕೊಳ್ಳುವ ಕಾಲ ಮುಗಿದಿತ್ತು. ದೀಪಾವಳಿಯೊಳಗೆ ಎಲ್ಲೂ ಆಗದಿದ್ದರೆ ಅಪ್ಪನ ಹತ್ತಿ ದಲ್ಲಾಳಿ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಉತ್ತರ ಬರೆದ ಪ್ರಾಧ್ಯಾಪಕರು ಮೈಸೂರಿನವರು. ಹೊಳೆಯ ಬಸವನಹುಳು ಹಿಡಿಯಲು ಹರಿಹರಕ್ಕೆ ಬರುತ್ತೇನೆ, ಅಲ್ಲೇ ಬಂದು ಕಾಣಿ ಎಂದಿದ್ದರು. ಅಪ್ಪನೂ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಜೊತೆಗೆ ಹೊರಟರು.

ಪ್ರಾಧ್ಯಾಪಕರು ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ.

"ಕೆಸರಿಗೆ ಇಳೀತೀರಾ?"

ಇಳಿಯುತ್ತೇನೆ ಎಂದೆ.

"ಹಾಗಾದ್ರೆ ವೇತನ ನಿಮ್ಗೇ."

ನನ್ನ ಮುಖ ಅರಳುವಷ್ಟರಲ್ಲಿ ಅಪ್ಪ ಮುಂದೆ ಬಂದರು. "ಇದು ಎಷ್ಟು ವರ್ಷದ್ದು ಸಾರ್?"

"ಐದು ಅಂತಿಟ್ಕೊಳ್ಳಿ."

"ಹುಳಕ್ಕೆ ಐದು ವರ್ಷನಾ? ಅಷ್ಟ್ರಾಗೆ ಅದು ನಡ್ಕೊಂಡೇ ಮೈಸೂರು ಮುಟ್ತೈತಲ್ರಿ!"

"ಅದಕ್ಕೂ ಅವಸರ ಇಲ್ಲ, ನನಗೂ ಇಲ್ಲ."

ಅಪ್ಪ ಟವೆಲ್ಲನ್ನು ಬಲಗೈ ಮೇಲೆ ಹೊದಿಸಿಕೊಂಡು "ಕೈ ಕೊಡ್ರಿ" ಎಂದರು. ಅಪ್ಪನ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಹಿಡಿಯುತ್ತಾರೆ. ಹಿಡಿದ ಬೆರಳೆಷ್ಟೋ ಅಷ್ಟು. ಸುತ್ತ ನಿಂತವರಿಗೆ ಅದು ತಿಳಿಯಬಾರದು, ವ್ಯಾಪಾರ ಕುದುರಿದ ಮೇಲೂ ಇಬ್ಬರೂ ಬಾಯಿ ಬಿಡಬಾರದು.

"ಅಪ್ಪಾಜಿ, ಇದು ಹತ್ತಿ ಅಲ್ಲ," ಎಂದೆ.

"ನೀ ಸುಮ್ಕಿರು. ವ್ಯಾಪಾರದಾಗೆ ಮಾಲು ಮಾತಾಡಬಾರ್ದು."

ಅಪ್ಪ ಪದ್ಧತಿಯನ್ನು ವಿವರಿಸಿದರು. ಪ್ರಾಧ್ಯಾಪಕರು ದಡಕ್ಕೆ ಬಂದು, ಕೈಯ ಕೆಸರು ತೊಳೆದು, ಬಹಳ ಶ್ರದ್ಧೆಯಿಂದ ಟವೆಲ್ಲಿನೊಳಗೆ ಕೈ ಇಟ್ಟರು. ಟವೆಲ್ಲು ಮೂರು ಸಲ ಅಲುಗಿತು. ಮೊದಲನೆಯ ಸಲಕ್ಕೆ ಪ್ರಾಧ್ಯಾಪಕರು ಇಲ್ಲವೆಂದು ತಲೆಯಾಡಿಸಿದರು. ಎರಡನೆಯದಕ್ಕೆ "ಅಯ್ಯೋ, ಆಗೋದೇ ಇಲ್ಲ" ಎಂದರು. ಮೂರನೆಯದಕ್ಕೆ ಇಬ್ಬರೂ ನಕ್ಕರು.

"ಆತು, ಕರ್ಕೊಂಡು ಹೋಗ್ರಿ," ಎಂದರು ಅಪ್ಪ.

ಈಗ 1966. ಹನ್ನೊಂದು ಸಾವಿರ ಚಿಪ್ಪು ಅಳೆದಿದ್ದೇನೆ. ಪ್ರಬಂಧ ಯಾವಾಗ ಒಪ್ಪಿಸಲಿ ಎಂದು ಕೇಳಿದಾಗಲೆಲ್ಲ ಪ್ರಾಧ್ಯಾಪಕರು, "ಅದನ್ನ ನಿಮ್ಮ ತಂದೆ ಜೊತೆ ಆವತ್ತೇ ಮಾತಾಡಿದೀನಲ್ಲ," ಎಂದು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುತ್ತಾರೆ. ಊರಿಗೆ ಹೋಗಿ ಅಪ್ಪನನ್ನು ಕೇಳಿದರೆ, "ಟವೆಲ್ ಕೆಳಗಿನ ಮಾತು ಹೊರಗೆ ಹೇಳಿದ್ರೆ ನಾಳೆ ಪೇಟ್ಯಾಗೆ ನನಗ್ಯಾರು ಕೈ ಕೊಡ್ತಾರೋ?" ಎನ್ನುತ್ತಾರೆ. ವಚನ ಉಳಿಸಿಕೊಳ್ಳುವುದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮೀರಿಸಿದ್ದಾರೆ.

ಆ ಭಾನುವಾರ ಹೊಳೆಯ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಕೆಲವರು ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಅವರಲ್ಲಿ ಯಾರಾದರೂ ಇದನ್ನು ಓದಿದರೆ, ಅಥವಾ ಟವೆಲ್ಲು ಅಲುಗಿದ ರೀತಿಯಿಂದಲೇ ಬೆರಳು ಲೆಕ್ಕ ಹಾಕಬಲ್ಲ ಹತ್ತಿ ವ್ಯಾಪಾರಿಗಳಿದ್ದರೆ, ನನ್ನ ಪಿಎಚ್.ಡಿ. ಎಷ್ಟು ವರ್ಷಕ್ಕೆ ಕುದುರಿತು ಎಂದು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಅಪ್ಪನಿಗೆ ಹೇಳುವುದಿಲ್ಲ.