ಕ್ವಾಂಡಾಂಗ್ ಬೀಜದ ಹಡಗು

ವಾಲರೂ ಊರಿನ ಧಕ್ಕೆಯ ದೀಪಗಳು ಇನ್ನೂ ಆರಿಲ್ಲ. ಚರ್ಚಿನ ಹಳೇ ಸಾಮಾನಿನ ಅಂಗಡಿಯ ಹಿಂಬಾಗಿಲಲ್ಲಿ ಮೆರ್ಲ್ ಹಾಸ್ಕಿಂಗ್ ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೂಟೆ ಬಿಚ್ಚುತ್ತಿದ್ದಾರೆ. 'ಅಂಗಡಿ ಮುಚ್ಚಿದ ಮೇಲೆ ಸಾಮಾನು ಇಡಬೇಡಿ' ಎಂಬ ಫಲಕದ ಬುಡದಲ್ಲೇ ಊರಿನವರು ಇಟ್ಟುಹೋಗಿದ್ದಾರೆ. ಸುಟ್ಟ ಟೋಸ್ಟರ್, ಯಾರದೋ ಮದುವೆಯ ಮುಸುಕು, ಒಂಟಿ ಬೂಟು.

"ಬೂಟು ಎಸೀಬೇಡ," ಎನ್ನುತ್ತಾರೆ ಬಾಗಿಲು ತೆರೆಯುತ್ತಿರುವ ಗೆಳತಿ ನೋಲೀನ್.

"ಎಸೆಯೋದಾ? ಇದರ ಜೋಡಿ ಮುಂದಿನ ವಾರ ಬರತ್ತೆ. ಮರೆವಿನ ಜನಾನೂ ಧರ್ಮಿಷ್ಠರೇ ಕಣೇ, ಕಂತಿನಲ್ಲಿ ಕೊಡ್ತಾರೆ."

ಎಪ್ಪತ್ತು ದಾಟಿದ ಮೆರ್ಲ್‌ಗೆ ಇಲ್ಲಿ ಸಂಬಳವಿಲ್ಲ. ಕುರಿ ಉಣ್ಣೆ ಕತ್ತರಿಸುವ ಶೆಡ್ಡುಗಳಲ್ಲಿ ಅಡುಗೆ ಮಾಡಿ ಮಾಡಿ ಸೊಂಟ ಬಿದ್ದ ಮೇಲೆ, ಗಂಡನೂ ತೀರಿಕೊಂಡ ಮೇಲೆ, ಇಲ್ಲಿಗೆ ಬಂದರು. ಬಟ್ಟೆ, ಪಾತ್ರೆ, ಪುಸ್ತಕಕ್ಕೆಲ್ಲ ಬೇರೆಯವರಿದ್ದಾರೆ. ಮೆರ್ಲ್‌ರದು ಮಕ್ಕಳ ಆಟದ ಡಬ್ಬಿಗಳು. ಮನೆಯಲ್ಲಿ ಮಕ್ಕಳಿರುವವರಿಗೆ ಹೇಳಬೇಕಾಗಿಲ್ಲ: ದಾಳ ಸೋಫಾದಡಿ, ಕಾಯಿ ನಾಯಿಯ ಹೊಟ್ಟೆಯಲ್ಲಿ. ವಾರಕ್ಕೆ ಇಪ್ಪತ್ತು ಮೂವತ್ತು ಡಬ್ಬಿ ಬಂದರೆ, ಪೂರ್ತಿ ಇರುವುದು ಒಂದೋ ಎರಡೋ. ಉಳಿದವಕ್ಕೆ ಮೆರ್ಲ್‌ರ ಬಿಸ್ಕತ್ತಿನ ತಗಡಿನ ಡಬ್ಬದಿಂದ ಗುಂಡಿ, ಕಪ್ಪೆಚಿಪ್ಪು, ಹಣ್ಣಿನ ಬೀಜ ಬದಲಿಗೆ ಹೋಗುತ್ತವೆ. ಮುಚ್ಚಳದ ಮೇಲೆ ಚೀಟಿ ಬೀಳುತ್ತದೆ: 'ಒಂದು ಕಾಯಿ ಇಲ್ಲ, ಬದಲಿಗೆ ನೀಲಿ ಗುಂಡಿ.'

"ಅರ್ಧ ಆಟ ತಗೊಂಡು ಹೋದ ಮಗು ಮಳೆ ದಿನ ಡಬ್ಬಿ ಬಿಚ್ಚಿ ಅತ್ತರೆ ಪಾಪ ನನಗೆ ತಾನೆ," ಎನ್ನುತ್ತಾರೆ.

ಈ ಕೆಲಸದ ಹಿಂದೆ ಒಂದು ಸ್ವಾರ್ಥವೂ ಇದೆ. ಕಡೀನಾ ಊರಿನ ವೃದ್ಧಾಶ್ರಮದಲ್ಲಿ ಮೆರ್ಲ್‌ರ ಅಣ್ಣ ಕ್ಲಾರಿ ಇದ್ದಾರೆ. ಲಕ್ವ ಹೊಡೆದ ಮೇಲೆ ಎಡಗೈ ಸುಮ್ಮನಾಗಿದೆ, ಮಾತು ತುಂಡುತುಂಡಾಗಿದೆ. ಆದರೆ ಪ್ರತಿ ಭಾನುವಾರ ತಂಗಿಯನ್ನು ಕಂಡೊಡನೆ ಕೇಳುವ ಒಂದು ಮಾತು ಮಾತ್ರ ಇಡಿಯಾಗಿದೆ: "ಸಿಕ್ತಾ?"

ಕೇಳುತ್ತಿರುವುದು 'ಗೋಧಿ ಹಡಗು' ಎಂಬ ಆಟವನ್ನು. ಧಕ್ಕೆಯಿಂದ ಧಕ್ಕೆಗೆ ಗೋಧಿ ತುಂಬಿಕೊಂಡು ಮೊದಲು ಇಂಗ್ಲೆಂಡ್ ಮುಟ್ಟಿದವರು ಗೆದ್ದಂತೆ. ಇವರು ಚಿಕ್ಕವರಿದ್ದಾಗ ಮನೆಯ ಡಬ್ಬಿಯ ಹಸಿರು ಹಡಗನ್ನು ಕೋಳಿ ನುಂಗಿತ್ತು. ಅದರ ಜಾಗಕ್ಕೆ ಕ್ಲಾರಿ ಕ್ವಾಂಡಾಂಗ್ ಹಣ್ಣಿನ ಗುಂಡನೆಯ ಬೀಜ ತಂದಿಟ್ಟ, ಅದು ತನಗೇ ಎಂದ. ಯಾಕೆಂದು ಮೆರ್ಲ್‌ಗೆ ತಿಳಿಯಲು ಒಂದು ಇಡೀ ಚಳಿಗಾಲ ಬೇಕಾಯಿತು. ಬೋರ್ಡಿನಡಿ ಮೊಣಕಾಲು ಕೊಂಚ ಎತ್ತಿದರೆ ಬೀಜ ತಾನಾಗಿ ಎರಡು ಮನೆ ಮುಂದಕ್ಕೆ ಉರುಳುತ್ತಿತ್ತು! ಕೊನೆಯ ಸಲ ಆಡಿದಾಗ, ತಂಗಿ ಗೆಲ್ಲುವುದು ಖಾತ್ರಿಯಾದಾಗ, ಕ್ಲಾರಿ ಬೋರ್ಡನ್ನೇ ಮಗುಚಿದ. ಜಗಳ ಕೇಳಿ ಬಂದ ಅಪ್ಪ ಡಬ್ಬಿಯನ್ನು ಒಲೆಗೆ ಹಾಕಿದರು. ಆ ಆಟ ಇನ್ನೂ ಮುಗಿದಿಲ್ಲ.

ಒಂಟಿ ಬೂಟಿನ ಕೆಳಗೆ ಈಗ ನೀಲಿ ಮುಚ್ಚಳವೊಂದು ಕಾಣುತ್ತದೆ. ಅದರ ಮೇಲೆ ಮಾಸಿದ ಬಿಳಿ ಹಾಯಿಗಳ ಚಿತ್ರ, 'ಗೋಧಿ ಹಡಗು' ಎಂಬ ಹೆಸರು. ಮೆರ್ಲ್ ಮೂಟೆಯ ಮೇಲೇ ಕೂತುಬಿಡುತ್ತಾರೆ.

"ಏನಾಯ್ತೇ? ಸೊಂಟನಾ?"

"ನೋಲೀನ್, ನಾಳೆ ಅಣ್ಣನಿಗೆ ಎಂಬತ್ತು."

ಡಬ್ಬಿ ನೋಡಿದ ನೋಲೀನ್ ಸಂತೋಷದಿಂದ ಕಿರುಚಿ, ಮರುಕ್ಷಣವೇ ತಣ್ಣಗೆ ಹೇಳುತ್ತಾರೆ: "ನನ್ನ ಟೀ ಕೆಟಲ್ ನೆನಪಿದೆಯಾ?"

ಇಲ್ಲದೇನು. ಸಾಮಾನು ಬೆಲೆ ಹಚ್ಚಿಸಿಕೊಂಡು ಕಪಾಟಿಗೆ ಹೋಗಬೇಕು, ಮಧ್ಯಾಹ್ನ ಹನ್ನೆರಡರವರೆಗೆ ಅಂಗಡಿಯಲ್ಲಿ ಕೆಲಸ ಮಾಡುವವರು ಕೊಳ್ಳುವಂತಿಲ್ಲ. ಒಳ್ಳೆಯದೆಲ್ಲ ಹಿಂಬಾಗಿಲಲ್ಲೇ ಕರಗಬಾರದೆಂದು ಈ ಕಟ್ಟಳೆ ತಂದವರೇ ಮೆರ್ಲ್. ಹೋದ ತಿಂಗಳು ನೋಲೀನ್ ಮೆಚ್ಚಿದ ಕೆಟಲ್ ಹನ್ನೊಂದೂವರೆಗೆ ಪರರ ಪಾಲಾದಾಗ, "ಕಟ್ಟಳೆ ಅಂದ್ರೆ ಕಟ್ಟಳೆ" ಎಂದವರೂ ಅವರೇ.

ಮೆರ್ಲ್ ಕಾಯಿ ಎಣಿಸುತ್ತಾರೆ. ಕೆಂಪು ಹಡಗಿಲ್ಲ. ಬಿಸ್ಕತ್ತಿನ ಡಬ್ಬ ತಡಕಿ ಒಂದು ಕ್ವಾಂಡಾಂಗ್ ಬೀಜ ಹಾಕಿ, ಚೀಟಿ ಬರೆದು, ಡಬ್ಬಿಯನ್ನು ಕಪಾಟಿನ ಮುಂಭಾಗದಲ್ಲೇ ಇಡುತ್ತಾರೆ. ಅತ್ತ ತಿರುಗಿದ್ದೇ ತಡ, ನೋಲೀನ್ ಅದನ್ನು ಹೆಣಿಗೆ ಪುಸ್ತಕಗಳಡಿ ತುರುಕುತ್ತಾರೆ. ಮೆರ್ಲ್ ಹುಡುಕಿ ಮತ್ತೆ ಮುಂದೆ ತರುತ್ತಾರೆ.

"ನಿನಗೆ ಹುಚ್ಚು ಕಣೇ. ನಾನು ನಿನಗೋಸ್ಕರ ಪಾಪ ಕಟ್ಟಿಕೊಳ್ತಿದ್ದೀನಿ, ನೀನು ಬಿಡ್ತಿಲ್ಲ!"

"ನಿನ್ನ ಕೆಟಲ್‌ಗೆ ನಾನು ಏನು ಜವಾಬು ಹೇಳಲಿ?"

ಹನ್ನೊಂದರ ಹೊತ್ತಿಗೆ ಅಡಿಲೇಡಿನ ಹಳೇ ವಸ್ತುಗಳ ವ್ಯಾಪಾರಿ ಬರುತ್ತಾನೆ, ಶನಿವಾರಗಳ ಖಾಯಂ ಗಿರಾಕಿ. ನೇರ ನೀಲಿ ಡಬ್ಬಿಗೇ ಕೈ. ಮೆರ್ಲ್ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾರೆ.

"ಅಬ್ಬಾ, ಇದು ಸಿಗೋದೇ ಇಲ್ಲ ಈಗ! ಪೂರ್ತಿ ಇದೆಯಾ ತಾಯಿ?"

"ಚೀಟಿ ಓದಿ ಸಾರ್," ಎನ್ನುತ್ತಾರೆ ಮೆರ್ಲ್.

ಆತ ಮುಚ್ಚಳ ತೆಗೆದು ಬೀಜವನ್ನು ಬೆಳಕಿಗೆ ಹಿಡಿಯುತ್ತಾನೆ. "ಅಯ್ಯೋ, ಹಡಗಿನ ಜಾಗದಲ್ಲಿ ಕಾಡುಹಣ್ಣಿನ ಬೀಜ. ನನ್ನ ಗಿರಾಕಿಗಳು ಆಡೋರಲ್ಲಮ್ಮ, ಗಾಜಿನ ಬೀರುವಲ್ಲಿ ಇಡೋರು." ಅಷ್ಟು ಹೇಳಿ, ಒಂದು ಹಿತ್ತಾಳೆ ದೀಪ ಕೊಂಡು ಹೊರಡುತ್ತಾನೆ.

ಗಡಿಯಾರ ಹನ್ನೆರಡು ಹೊಡೆಯುತ್ತದೆ. ಗಲ್ಲಾದಲ್ಲಿ ಕೂತ ನೋಲೀನ್ ಕನ್ನಡಕ ಏರಿಸಿ, ನೀಲಿ ಡಬ್ಬಿ ಹಿಡಿದು ಬಂದ ಮೆರ್ಲ್‌ರನ್ನು ಗುರುತೇ ಇಲ್ಲದವರಂತೆ ನೋಡುತ್ತಾರೆ: "ಚೀಲ ಬೇಕಾ ಮೇಡಂ?"

ಭಾನುವಾರ ಕಡೀನಾದಲ್ಲಿ ಕೇಕಿನ ಬದಲು ಮಾಂಸ ತುಂಬಿದ ಪೇಸ್ಟಿ ಎಂಬ ಕಡುಬಿಗೆ ಮೇಣದಬತ್ತಿ ಚುಚ್ಚಲಾಗಿದೆ, ಕ್ಲಾರಿಗೆ ಸಿಹಿ ಸೇರುವುದಿಲ್ಲ. ತಂಗಿಯನ್ನು ಕಂಡು ಎಂದಿನಂತೆ, "ಸಿಕ್ತಾ?"

"ಸಿಕ್ತು."

ಕ್ಲಾರಿಯ ಬಲಗೈ ಮೂರು ಹಡಗುಗಳನ್ನು ದಾಟಿ ನೇರ ಬೀಜವನ್ನು ಹುಡುಕಿಕೊಳ್ಳುತ್ತದೆ. ಬೋರ್ಡು ಇಬ್ಬರ ಮೊಣಕಾಲ ಮೇಲೆ. ದಾಳ ಉರುಳುತ್ತದೆ. ನಾಲ್ಕನೆಯ ಸರದಿಗೆ, ಯಾರೂ ಮುಟ್ಟದೆ, ಬೀಜ ಎರಡು ಮನೆ ಮುಂದೆ ಹೋಗುತ್ತದೆ.

"ಅಣ್ಣಾ! ಕಾಲು ಇಳಿಸು! ಎಂಬತ್ತಾಯ್ತು, ನಾಚಿಕೆ ಇಲ್ವಾ?"

"ಗಾಳಿ," ಎನ್ನುತ್ತಾರೆ ಕ್ಲಾರಿ. ಉಸಿರು ಕೂಡಿಸಿಕೊಂಡು, "ಹಡಗಲ್ವಾ."

ನರ್ಸು ಊಟದ ತಟ್ಟೆ ತರುವ ಹೊತ್ತಿಗೆ ಮೆರ್ಲ್‌ರ ಹಡಗು ಇಂಗ್ಲೆಂಡಿಗೆ ನಾಲ್ಕೇ ಮನೆ ದೂರದಲ್ಲಿದೆ. "ಈ ಸಲ ಬೋರ್ಡು ಮಗುಚಿಲ್ಲ. ನನಗೆ ಅಷ್ಟು ಸಾಕು," ಎನ್ನುತ್ತ ಅವರು ಅಭ್ಯಾಸದಂತೆ ಕಾಯಿ ಎಣಿಸಿ ಡಬ್ಬಿಗೆ ತುಂಬುತ್ತಾರೆ. ಬೀಜವಿಲ್ಲ. ಕ್ಲಾರಿ ಕಿಟಕಿಯಾಚೆ ನೋಡುತ್ತಿದ್ದಾರೆ, ಬಲಗೈ ಮುಷ್ಟಿ ಬಿಗಿಯಾಗಿದೆ.

ಅರ್ಧ ಆಟವನ್ನು ಎಂದೂ ಹೊರಗೆ ಬಿಡದ ಮೆರ್ಲ್, ಅಣ್ಣನ ಮುಷ್ಟಿ ಬಿಡಿಸುವುದಿಲ್ಲ. ಜೇಬಿನಿಂದ ಪೆನ್ನು ತೆಗೆದು, ಹೊಸ ಚೀಟಿ ಬರೆದು ಹಳೆಯದರ ಮೇಲೆ ಅಂಟಿಸುತ್ತಾರೆ: 'ಹಡಗು ಮೂರು. ನಾಲ್ಕನೆಯದು ಅಣ್ಣನ ಹತ್ತಿರ ಇದೆ.'