ದೋಣಿಗೆ ಭಾರ ಬೇಕು

ವೆನಿಸ್ಸಿನ ಕನ್ನರೆಜೊ ಬಡಾವಣೆಯಲ್ಲಿ, ಕಿರುಗಾಲುವೆಯೊಂದರ ದಡದ ಹೋಟೆಲಿನಲ್ಲೇ ಜೆಮ್ಮಾ ಬುಸೆತ್ತೊ ಹುಟ್ಟಿದ್ದು. ಅಜ್ಜಿ ಶುರುಮಾಡಿ, ತಾಯಿ ನಡೆಸಿಕೊಂಡು ಬಂದ ಆ ನಾಲ್ಕಾರು ಕೋಣೆಗಳನ್ನು ಎಪ್ಪತ್ತು ದಾಟಿದ ಮೇಲೂ ಅವಳೇ ಗುಡಿಸಿ ಒರೆಸುತ್ತಿದ್ದಳು. ಕೆಳಗಿನ ಕೋಣೆಯನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಸಮುದ್ರ ಉಕ್ಕಿದರೆ ನೀರು ಮೊದಲು ಬರುವುದು ಅಲ್ಲಿಗೇ. ಅತಿಥಿಯ ಕಾಲು ಒದ್ದೆಯಾಗಬಾರದೆಂದು ತಾನೇ ಅಲ್ಲಿ ಮಲಗುತ್ತಿದ್ದಳು.

ಆ ನವೆಂಬರಿನಲ್ಲಿ ಅದನ್ನೂ ಬಿಟ್ಟುಕೊಟ್ಟಳು. ಬೆಟ್ಟದ ಕಡೆಯ ಒಲಿಂತೊ ಮತ್ತು ದಿನಾ ದಂಪತಿ ಆರೋಗ್ಯಮಾತೆಯ ಹಬ್ಬಕ್ಕೆ ಪ್ರತಿ ವರ್ಷ ಬರುವವರು. ಎಂದೋ ಕಾಯಿಲೆ ಬಿದ್ದ ಮಗಳು ಉಳಿದರೆ ವರ್ಷವೂ ಬಂದು ಮೊಂಬತ್ತಿ ಹಚ್ಚಿಸುತ್ತೇನೆಂದು ದಿನಾ ಹರಕೆ ಹೊತ್ತಿದ್ದಳು. ಮಗಳು ಉಳಿದಳು. ಈ ಸಲ ತಾಯಿಯ ಕಾಲುಗಳೇ ಸೋತು, ಗಾಲಿಕುರ್ಚಿಯಲ್ಲಿ ಬಂದಿದ್ದಳು. ಮೆಟ್ಟಿಲು ಹತ್ತಲಾರದ ಅವಳಿಗೆ ತನ್ನ ಮಂಚ ಕೊಟ್ಟು ಜೆಮ್ಮಾ ಅಡುಗೆಮನೆಯ ಬೆಂಚಿನ ಮೇಲೆ ಮಲಗಿದಳು.

ಊರಿನ ಸೇತುವೆಗಳಿಗೂ ಮೆಟ್ಟಿಲುಗಳೇ. ಹಾಗಾಗಿ ಜೆಮ್ಮಾಳ ತಮ್ಮ, ತರಕಾರಿ ಸಾಗಿಸುವ ಆಲ್ವಿಸೆಯ ದೋಣಿಯಲ್ಲಿ ದಿನಾಳನ್ನು ಚರ್ಚಿಗೆ ಕರೆದೊಯ್ಯುವುದೆಂದಾಯಿತು. "ನೀರು ಏರೋದಕ್ಕೆ ಮುಂಚೆ ಹೊರಡಬೇಕು ಅಕ್ಕ. ನಿನ್ನ ಉಪಚಾರ ಇವತ್ತು ಸ್ವಲ್ಪ ಕಮ್ಮಿ ಇರಲಿ," ಎಂದು ಅವನು ಮೊದಲೇ ಹೇಳಿದ್ದ.

ಆದರೆ ಹಸಿದ ಹೊಟ್ಟೆಯಲ್ಲಿ ಅತಿಥಿ ಹೊಸ್ತಿಲು ದಾಟುವುದು ಆ ಮನೆಯಲ್ಲಿ ಇಲ್ಲ. ಬೆಳಿಗ್ಗೆ ಜೆಮ್ಮಾ ಹಾಲು ಕಾಯಿಸಿದಳು, ಬ್ರೆಡ್ಡಿಗೆ ಬೆಣ್ಣೆ ಸವರಿದಳು, ದಿನಾಳ ತಲೆ ಬಾಚಿ ಮುಡಿ ಕಟ್ಟಿದಳು. ಅಷ್ಟರಲ್ಲಿ ಕಾಲುವೆ ಸದ್ದಿಲ್ಲದೆ ಮೇಲೇರಿತ್ತು.

ದಿನಾಳನ್ನು ಕಂಬಳಿ ಹಾಸಿ ದೋಣಿಯ ತಳದಲ್ಲಿ ಕೂರಿಸಿ, ಗಾಲಿಕುರ್ಚಿಯನ್ನು ಪಕ್ಕದಲ್ಲಿಟ್ಟು ಹೊರಟರೆ, ತಿರುವಿನ ಸೇತುವೆಯ ಕಮಾನಿಗೆ ದೋಣಿಯ ಎತ್ತರದ ಮೂತಿ ಹೋಗಿ ತಗುಲಿತು. ಅದೊಂದನ್ನು ದಾಟಿದರೆ ಹಿರಿಗಾಲುವೆ, ಮುಂದೆ ಅಡ್ಡಿಯಿಲ್ಲ.

"ಬಾಚಿದ್ದಾಯ್ತಾ ಮುಡಿ? ಈಗ ಸೇತುವೆಗೆ ತೋರಿಸು," ಎಂದ ಆಲ್ವಿಸೆ.

"ಕಾಯೋಣ, ನೀರು ಇಳಿಯುತ್ತಲ್ಲ," ಎಂದಳು ಜೆಮ್ಮಾ.

ಒಲಿಂತೊ ತಲೆಯಾಡಿಸಿದ. "ಅಷ್ಟು ಹೊತ್ತಿಗೆ ನಮ್ಮ ರೈಲು ಹೊರಟಿರುತ್ತೆ ಜೆಮ್ಮಮ್ಮ. ನಾಳೆ ಬೆಳಿಗ್ಗೆ ಇವಳನ್ನ ಆಸ್ಪತ್ರೆಗೆ ಸೇರಿಸಬೇಕು."

"ಹೋಗಲಿ ಬಿಡಿ," ಎಂದಳು ದಿನಾ. "ಇಲ್ಲಿಂದಲೇ ಕೈ ಮುಗಿದರೆ ಅಮ್ಮನಿಗೆ ಕೇಳಿಸಲ್ವಾ."

ಜೆಮ್ಮಾ ಅವಳ ಮುಖ ನೋಡಲಿಲ್ಲ. ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು. ದಡಕ್ಕೆ ಕೈಯೂರಿ ಮೇಲೆ ಹತ್ತಿದವಳೇ ಬೇಕರಿಯ ಬಾಗಿಲಲ್ಲಿ ನಿಂತು ಕೂಗಿದಳು: "ತುಲ್ಯೊ, ಹೊರಗೆ ಬಾ. ನಿನ್ನ ಹೊಟ್ಟೆ ಬೇಕಾಗಿದೆ."

"ಒಲೆಯಲ್ಲಿ ಬ್ರೆಡ್ಡಿದೆ ಜೆಮ್ಮಾ."

"ಹೆಂಡತಿ ನೋಡ್ಕೋತಾಳೆ. ಇಷ್ಟು ವರ್ಷ ತಿಂದು ಬೆಳೆಸಿದ್ದೀಯಲ್ಲ, ಒಂದು ದಿನ ದೇವರ ಕೆಲಸಕ್ಕೆ ಬರಲಿ."

ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ ತುಲ್ಯೊ ಇಳಿದು ಬಂದ. ಜೆಮ್ಮಾ ಒಂದೊಂದೇ ಕದ ತಟ್ಟಿದಳು. ಮೀನಿನಂಗಡಿಯವಳು ಬಂದಳು, ಅರ್ಧ ಗಡ್ಡ ಬೋಳಿಸಿಕೊಂಡ ಬಡಗಿ ಬಂದ, ಮೇಲಿನ ಕೋಣೆಯ ಜರ್ಮನ್ ಅತಿಥಿಗಳಿಬ್ಬರು ಏನೂ ತಿಳಿಯದೆ ಬಂದರು.

"ಎಲ್ಲರೂ ಮುಂದಕ್ಕೆ. ಇನ್ನೂ ಮುಂದಕ್ಕೆ. ತುಲ್ಯೊ, ನೀನು ತುದಿಗೆ," ಎಂದ ಆಲ್ವಿಸೆ.

"ನಾನು ಮುಳುಗಿದ್ರೆ?"

"ನೀನು ತೇಲ್ತೀಯ, ಭಯ ಬೇಡ," ಎಂದಳು ಮೀನಿನವಳು.

ಭಾರ ಬಿದ್ದಂತೆ ಮೂತಿ ತಗ್ಗಿತು. ಇನ್ನೊಂದು ಬೆರಳಿನಷ್ಟು ತಗ್ಗುವುದು ಉಳಿಯಿತು. ಜೆಮ್ಮಾ ತಾನೂ ಹೋಗಿ ತುಲ್ಯೊನ ಪಕ್ಕ ಕುಕ್ಕರಿಸಿದಳು. ಎಲ್ಲರೂ ತಲೆ ತಗ್ಗಿಸಿ, ಪಾಚಿಗಟ್ಟಿದ ಕಲ್ಲಿಗೆ ಅಂಗೈ ಒತ್ತಿ ದೋಣಿಯನ್ನು ಮುಂದಕ್ಕೆ ನೂಕಿದರು. ಕತ್ತಲು, ತಣ್ಣನೆಯ ಉಸಿರು, ಮರ ಕಲ್ಲಿಗೆ ಉಜ್ಜುವ ಸದ್ದು, ಆಮೇಲೆ ಬೆಳಕು.

ಆಚೆ ದಡದಲ್ಲಿ ಇಳಿಸುತ್ತೇನೆಂದು ಆಲ್ವಿಸೆ ಹೇಳಿದಾಗ ಯಾರೂ ಏಳಲಿಲ್ಲ. "ಇಲ್ಲೀವರೆಗೆ ಬಂದಾಗಿದೆ," ಎಂದ ತುಲ್ಯೊ, "ಅಮ್ಮನ್ನ ನೋಡದೆ ಹೋದರೆ ಚೆನ್ನಾಗಿರುತ್ತಾ?"

ಚರ್ಚಿನ ಮೆಟ್ಟಿಲುಗಳ ಮೇಲೆ ದಿನಾಳ ಕುರ್ಚಿಯನ್ನು ಅವರೇ ಎತ್ತಿ ಹತ್ತಿಸಿದರು. ಮೊಂಬತ್ತಿ ಹಚ್ಚುವವನು ಕೈ ಚಾಚಿದ. ಕೊಡುವ ಮುಂಚೆ ದಿನಾ ಹಿಂದಿರುಗಿ ನೋಡಿದಳು: ಹಿಟ್ಟಿನ ಏಪ್ರನ್, ಅರ್ಧ ಗಡ್ಡ, ಮೀನಿನ ವಾಸನೆ, ಪಾಚಿ ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿ ನಿಂತ ಜೆಮ್ಮಾ.

"ಇದು ಇವರೆಲ್ಲರ ಹೆಸರಲ್ಲೂ," ಎಂದು ಮೊಂಬತ್ತಿಯನ್ನು ಅವನ ಕೈಗಿಟ್ಟಳು.